ಅವನ ಬರುವಿಕೆಯೋ, ಬರುತ್ತಿರುವ ಅವನೋ?

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯವರು ನನ್ನನ್ನು ಕಾಣಲು ಬಂದಿದ್ದರು. ಮಗಳು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಚೇರಿಯಲ್ಲಿ ಉದ್ಯೋಗದಲ್ಲಿರುವಳು. ತನ್ನ ಕೈಕೆಳಗಿನ ಇಬ್ಬರು ಮಳೆಯ ದಿನ ತಡವಾಗಿ ಬಂದುದಕ್ಕೆ ತನ್ನ ಆಕ್ಷೇಪಣೆ ಇಲ್ಲವೆಂದು ಮೇಲಧಿಕಾರಿಗೆ ತಿಳಿಸುತ್ತ, ಅವಳು "ಐ ಡೋಂಟ್ ಮೈಂಡ್ ದೇ ಕಮಿಂಗ್ ಲೇಟ್" ಎಂದು ಬರೆದಳಂತೆ. ಆ ವಾಕ್ಯವನ್ನು ಜೊತೆಯವರು ಓದಿ ನಕ್ಕರಂತೆ. "ಟೀಚರ್, ಹತ್ತು ವರ್ಷ ನಿಮ್ಮಲ್ಲಿ ಓದಿದವಳು. ತಪ್ಪು ಎಲ್ಲಿದೆಯೆಂದು ಅವಳಿಗೂ ತಿಳಿಯದು, ನನಗೂ ತಿಳಿಯದು. ಅಂದಿನಿಂದ ಎರಡು ಸಾಲು ಬರೆಯುವುದಕ್ಕೂ ಹೆದರುತ್ತಾಳೆ" ಎಂದು ಆ ತಾಯಿ ಹೇಳಿದರು.

"'ದೇ' ಅಲ್ಲ, 'ದೇರ್' ಎಂದು ಬರೆಯಬೇಕಾಗಿತ್ತು" ಎಂದಷ್ಟೇ ಹೇಳಿ ನಾನು ಅವರನ್ನು ಕಳುಹಿಸಿಕೊಟ್ಟೆನು. ನಾವು ತರಗತಿಯಲ್ಲಿ ಕಲಿತು ಕಲಿಸಿದ ಸೂತ್ರವು ಅಷ್ಟೇ ಆಗಿದ್ದಿತು. ಆಮೇಲೆ ಯೋಚಿಸಿದಾಗ, ಅದು ಅರ್ಧ ಉತ್ತರವೆಂದು ನನಗೇ ತೋರಿತು. ಉಳಿದರ್ಧವನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯಲು ಅವಕಾಶ ದೊರೆತಿದೆ.

ನಮ್ಮ ಊರಿನ ಹೊರವಲಯಕ್ಕೆ ಇಂಗ್ಲಿಷು ಕಂಪೆನಿಗಳೊಡನೆ ಬಂದುದೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ 1882ರಲ್ಲಿಯೇ ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ವೈಟ್‌ಫೀಲ್ಡ್ ಎಂಬ ನೆಲೆಯು ಸ್ಥಾಪಿತವಾಯಿತು. ಆ ಮನೆಗಳಲ್ಲಿ ಇಂಗ್ಲಿಷೇ ಮನೆಮಾತು. ಅಂತಹ ಮನೆಯ ಮಗುವಿಗೆ ಸೂತ್ರ ಬೇಡ, ಕಿವಿಯೇ ಗುರು. ನಮ್ಮ ಹೆಣ್ಣುಮಕ್ಕಳಾದರೋ ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. ಅವರ ಕಿವಿ ಕನ್ನಡದ ಕಿವಿ. ತಪ್ಪಿನ ಮೂಲವೂ ಅಲ್ಲಿಯೇ ಇದೆ.

"ಅವರು ಬರುವುದಕ್ಕೆ ನನ್ನ ಆಕ್ಷೇಪಣೆ ಇಲ್ಲ", "ಅವಳು ಹಾಡುವುದನ್ನು ಕೇಳಿದೆನು" ಎಂಬ ವಾಕ್ಯಗಳನ್ನು ನೋಡಿರಿ. "ಬರುವುದು", "ಹಾಡುವುದು" ಎಂಬ ರೂಪಗಳು ಚತುರ್ಥಿಯನ್ನೋ ದ್ವಿತೀಯೆಯನ್ನೋ ಧರಿಸಿದರೂ, ಆ ಕ್ರಿಯೆಯ ಕರ್ತೃವು ಪ್ರಥಮಾ ವಿಭಕ್ತಿಯಲ್ಲಿಯೇ ನಿಲ್ಲುವುದು. ಇಂಗ್ಲಿಷಿನ ಅಭ್ಯಾಸವುಳ್ಳವನು "ಅವರ ಬರುವುದಕ್ಕೆ" ಎಂದರೆ ನಮಗೆ ನಗೆ ಬರುವುದು. ಇದೇ ಪ್ರಥಮೆಯನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋದುದರ ಫಲವೇ "ದೇ ಕಮಿಂಗ್". ಹುಡುಗಿಯು ಅಜಾಗರೂಕತೆಯಿಂದ ಬರೆದುದಲ್ಲ. ತನ್ನ ತಾಯ್ನುಡಿಯ ನಿಯಮವನ್ನು ತಪ್ಪದೆ ಪಾಲಿಸಿ ಬರೆದುದು.

ಹಾಗಾದರೆ ಹತ್ತು ವರ್ಷ ಈ ತಪ್ಪು ನಮ್ಮ ಕೆಂಪು ಮಸಿಗೆ ಏಕೆ ಸಿಕ್ಕಲಿಲ್ಲ? ಇಂಗ್ಲಿಷಿನ ಕೆಲವು ಸರ್ವನಾಮಗಳು ಅದನ್ನು ಮರೆಮಾಡುತ್ತವೆ. "ಯು" ಎಂಬುದು ಪ್ರಥಮೆಯೂ ಹೌದು, ದ್ವಿತೀಯೆಯೂ ಹೌದು. ಆದುದರಿಂದ "ಐ ಡೋಂಟ್ ಮೈಂಡ್ ಯು ಕಮಿಂಗ್" ಎಂದು ಬರೆದ ಮಗುವು ಯಾವ ವಿಭಕ್ತಿಯನ್ನು ಎಣಿಸಿತೆಂದು ಉಪಾಧ್ಯಾಯಿನಿಗೆ ತಿಳಿಯುವಂತಿಲ್ಲ. "ಹರ್" ಎಂಬುದು ದ್ವಿತೀಯೆಯೂ ಹೌದು, ಷಷ್ಠಿಯೂ ಹೌದು. ಹೆಣ್ಣುಮಕ್ಕಳ ಶಾಲೆಯ ಉದಾಹರಣೆಗಳೆಲ್ಲ "ಹರ್ ಸಿಂಗಿಂಗ್", "ಹರ್ ಸ್ಯೂಯಿಂಗ್" ಎಂದೇ ಇದ್ದುದರಿಂದ, ಎರಡರ ಭೇದವು ನಮ್ಮ ಕಣ್ಣೆದುರಿಗೆ ಬಾರದೆಯೇ ಹೋಯಿತು. "ಹಿ", "ದೇ", "ವಿ" ಬಂದಾಗಲೇ ಗುಟ್ಟು ರಟ್ಟಾಗುವುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ವ್ಯಾಕರಣದಲ್ಲಿ ಓಟ, ನೋಟ, ಬರುವಿಕೆ ಎಂಬವು ಕೃದಂತ ಭಾವನಾಮಗಳು. ಬರುತ್ತಿರುವ, ಹಾಡುತ್ತಿರುವ ಎಂಬವು ಕೃದಂತಗಳು. ಎರಡಕ್ಕೂ ಬೇರೆ ಬೇರೆ ಉಡುಪುಂಟು. ಇಂಗ್ಲಿಷಾದರೋ ಎರಡಕ್ಕೂ "ಇಂಗ್" ಎಂಬ ಒಂದೇ ಉಡುಪನ್ನು ತೊಡಿಸಿದೆ. ಆದುದರಿಂದ ವಾಕ್ಯವನ್ನು ಬರೆಯುವ ಮುನ್ನ ಮನಸ್ಸಿನಲ್ಲಿ ಕನ್ನಡದಿಂದಲೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ನಾನು ಹೇಳುತ್ತಿರುವುದು "ಬರುತ್ತಿರುವ ಅವನನ್ನು" ಕುರಿತೋ, "ಅವನ ಬರುವಿಕೆಯನ್ನು" ಕುರಿತೋ? ಮೊದಲನೆಯದಾದರೆ "ಹಿಮ್", ಎರಡನೆಯದಾದರೆ "ಹಿಸ್". "ಹಿ" ಎಂಬುದಕ್ಕೆ ಎರಡು ಕಡೆಗಳಲ್ಲಿಯೂ ಸ್ಥಳವಿಲ್ಲ.

ಸೀ, ಹಿಯರ್, ವಾಚ್, ನೋಟಿಸ್, ಫೈಂಡ್ ಮೊದಲಾದ ಕಾಣುವ ಕೇಳುವ ಕ್ರಿಯಾಪದಗಳೂ, ಕೀಪ್, ಲೀವ್ ಎಂಬವುಗಳೂ ಮೊದಲನೆಯ ಗುಂಪಿಗೆ ಸೇರಿದವು. ಕಣ್ಣಿಗೆ ಕಾಣುವವನು ಮನುಷ್ಯನಲ್ಲವೆ? ಆದುದರಿಂದ "ಐ ಸಾ ಹಿಮ್ ಕ್ರಾಸಿಂಗ್ ದ ರೋಡ್" ಎಂದೇ ಹೇಳಬೇಕು. ಷಷ್ಠಿಯ ಸೂತ್ರವನ್ನು ಕಂಠಪಾಠ ಮಾಡಿದ ಮಕ್ಕಳು ಇಲ್ಲಿ "ಐ ಸಾ ಹಿಸ್ ಕ್ರಾಸಿಂಗ್" ಎಂದು ಬರೆದು ಕೆಡುತ್ತಾರೆ. ನನ್ನ ಅರ್ಧ ಉತ್ತರದ ಅಪಾಯವು ಇದೇ.

ಈ ಗುಂಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವೆನು. "ಐ ಸಾ ಹಿಮ್ ಕ್ರಾಸ್" ಎಂದರೆ ಆತನು ಈಚೆಯಿಂದ ಆಚೆಗೆ ಪೂರ್ತಿಯಾಗಿ ದಾಟಿದುದನ್ನು ಕಂಡೆನೆಂದು ಅರ್ಥ. "ಕ್ರಾಸಿಂಗ್" ಎಂದರೆ ದಾಟುತ್ತಿದ್ದುದನ್ನು ಕಂಡೆನು. ಮುಂದೆ ಏನಾಯಿತೋ ನೋಡಿರಲಿಕ್ಕಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಾರ್ಮಿಕನೊಬ್ಬನ ಬೆರಳು ಪ್ರೆಸ್ ಯಂತ್ರಕ್ಕೆ ಸಿಕ್ಕಿತೆಂದಿಟ್ಟುಕೊಳ್ಳಿ. ಪಕ್ಕದವನು, "ಅವನು ಗಾರ್ಡನ್ನು ತೆಗೆಯುತ್ತಿದ್ದುದನ್ನು ನೋಡಿದೆ" ಎಂದು ಕನ್ನಡದಲ್ಲಿ ಹೇಳುತ್ತಾನೆ. ಕಚೇರಿಯಲ್ಲಿ ಕುಳಿತ ನಮ್ಮ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು. "ಐ ಸಾ ಹಿಮ್ ರಿಮೂವಿಂಗ್ ದ ಗಾರ್ಡ್" ಎಂದರೆ ಸಾಕ್ಷಿಯ ಮಾತು ಇದ್ದಂತೆಯೇ ಉಳಿಯಿತು. "ಐ ಸಾ ಹಿಮ್ ರಿಮೂವ್ ದ ಗಾರ್ಡ್" ಎಂದರೆ, ತೆಗೆದು ಮುಗಿಸಿದುದನ್ನೇ ಕಂಡನೆಂದು ದಾಖಲೆಯಾಯಿತು. 1923ರ ಕಾರ್ಮಿಕ ಪರಿಹಾರದ ಅಧಿನಿಯಮದಲ್ಲಿ, ರಕ್ಷಣೆಗಾಗಿ ಇಟ್ಟ ಸಾಧನವೆಂದು ಅರಿತಿದ್ದೂ ಕಾರ್ಮಿಕನು ಅದನ್ನು ಬುದ್ಧಿಪೂರ್ವಕವಾಗಿ ತೆಗೆದುದರಿಂದಲೇ ಗಾಯವಾದರೆ, ಅದರಿಂದ ಮರಣವಾಗಲಿ ಶಾಶ್ವತವಾದ ಪೂರ್ಣ ಅಂಗವೈಕಲ್ಯವಾಗಲಿ ಉಂಟಾಗದಿದ್ದ ಪಕ್ಷದಲ್ಲಿ, ಮಾಲೀಕನು ಪರಿಹಾರಕ್ಕೆ ಹೊಣೆಯಲ್ಲವೆಂದು ವಿಧಿಸಲಾಗಿತ್ತು. ಒಂದು "ಇಂಗ್" ಬಿಟ್ಟುಹೋದರೆ ಒಂದು ಸಂಸಾರದ ಅನ್ನಕ್ಕೆ ಕುಂದು ಬರಬಹುದು. ಕನ್ನಡದಲ್ಲಿ "ತೆಗೆದುದನ್ನು", "ತೆಗೆಯುತ್ತಿದ್ದುದನ್ನು" ಎಂಬ ಭೇದವು ಸ್ಪಷ್ಟವಾಗಿಯೇ ಇರುವುದರಿಂದ, ಮೂಲದ ಮಾತನ್ನು ಎಚ್ಚರದಿಂದ ಕೇಳಿದವಳಿಗೆ ಇಂಗ್ಲಿಷಿನಲ್ಲಿ ತಪ್ಪು ಬೀಳಲು ಕಾರಣವಿಲ್ಲ.

ಎರಡನೆಯ ಗುಂಪು ಮೈಂಡ್, ಲೈಕ್, ರಿಮೆಂಬರ್, ಇಮ್ಯಾಜಿನ್, ಅಪ್ರಿಷಿಯೇಟ್, ಇನ್‌ಸಿಸ್ಟ್ ಆನ್ ಮುಂತಾದವುಗಳದು. ಇಲ್ಲಿ ಮನಸ್ಸಿನಲ್ಲಿರುವುದು ಮನುಷ್ಯನಲ್ಲ, ಅವನ ಕೆಲಸ. ಆದುದರಿಂದ "ಹಿಸ್ ಕಮಿಂಗ್". ಆದರೆ ಇಂಗ್ಲಿಷು ಮಾತಾಡುವವರು ಇಲ್ಲಿಯೂ "ಹಿಮ್ ಕಮಿಂಗ್" ಎನ್ನುವುದುಂಟು. ಇದನ್ನು ಕುರಿತು ವಿದ್ವಾಂಸರಲ್ಲಿ ದೊಡ್ಡ ಜಗಳವೇ ನಡೆಯಿತು. 1906ರಲ್ಲಿ ಫೌಲರ್ ಸಹೋದರರು "ದ ಕಿಂಗ್ಸ್ ಇಂಗ್ಲಿಷ್" ಎಂಬ ಗ್ರಂಥದಲ್ಲಿ ಈ ಪ್ರಯೋಗವನ್ನು "ಬೆಸೆದ ಕೃದಂತ" ಎಂಬರ್ಥದ ಹೆಸರಿನಿಂದ ಕರೆದು ಖಂಡಿಸಿದರು. ಹಿರಿಯ ಫೌಲರರು 1926ರ ತಮ್ಮ ನಿಘಂಟಿನಲ್ಲಿ ಆ ಖಂಡನೆಯನ್ನು ಮುಂದುವರಿಸಿದರು. ಡೆನ್ಮಾರ್ಕಿನ ಓಟ್ಟೊ ಯೆಸ್ಪರ್ಸನ್ ಎಂಬ ಪಂಡಿತರು ಅದನ್ನು ಒಪ್ಪದೆ, ಪ್ರಸಿದ್ಧ ಇಂಗ್ಲಿಷ್ ಲೇಖಕರ ವಾಕ್ಯಗಳನ್ನೇ ಮುಂದಿಟ್ಟು ವಾದಿಸಿದರು. ಇಂಗ್ಲಿಷರಿಗೆ ಇಂಗ್ಲಿಷನ್ನು ತಿಳಿಸಲು ಡೆನ್ಮಾರ್ಕಿನವರು ಬೇಕಾದುದು ನಮ್ಮ ಮಕ್ಕಳಿಗೆ ಸ್ವಲ್ಪ ಧೈರ್ಯ ಕೊಡಬೇಕಾದ ಸಂಗತಿ! ಇಂದು ಎರಡನ್ನೂ ಸರಿಯೆಂದೇ ಎಣಿಸುವರು. ಆಡುವ ಮಾತಿನಲ್ಲಿ "ಹಿಮ್" ಹೆಚ್ಚು, ವಿಧಿವತ್ತಾದ ಬರಹದಲ್ಲಿ "ಹಿಸ್" ಹೆಚ್ಚು. ವಾಕ್ಯವು ಸರ್ವನಾಮದಿಂದಲೇ ಆರಂಭವಾದರೆ, "ಹಿಸ್ ಕಮಿಂಗ್ ಲೇಟ್ ಅಪ್‌ಸೆಟ್ ಅಸ್" ಎಂಬಲ್ಲಿರುವಂತೆ, ಷಷ್ಠಿಯೇ ಲೇಸು. ನನ್ನ ಅಭಿಪ್ರಾಯವನ್ನು ಕೇಳಿದರೆ, ಅರ್ಜಿಯಲ್ಲಿಯೂ ಕಚೇರಿಯ ಪತ್ರದಲ್ಲಿಯೂ ಷಷ್ಠಿಯನ್ನು ಹಿಡಿದರೆ ಯಾರೂ ಬೆರಳು ತೋರಿಸಲಾರರು. ಗೆಳತಿಯೊಡನೆ ಮಾತಾಡುವಾಗ "ಹಿಮ್" ಎಂದರೆ ನಾನೂ ತಿದ್ದುವುದಿಲ್ಲ.

ಷಷ್ಠಿಯಿಂದಲೂ ಒಮ್ಮೊಮ್ಮೆ ತೊಡಕಾಗುವುದು. "ಐ ಡೋಂಟ್ ಲೈಕ್ ಹರ್ ಸಿಂಗಿಂಗ್" ಎಂದರೆ ಅವಳ ಕಂಠ ಚೆನ್ನಾಗಿಲ್ಲವೆಂದೋ, ಅವಳು ಹಾಡಲು ಹೋಗುವುದೇ ಬೇಡವೆಂದೋ? ಕನ್ನಡದಲ್ಲಿ "ಅವಳ ಹಾಡುಗಾರಿಕೆ ನನಗೆ ಹಿಡಿಸದು", "ಅವಳು ಹಾಡುವುದು ನನಗೆ ಹಿಡಿಸದು" ಎಂದು ಎರಡಾಗಿ ಹೇಳಬಹುದು. ಇಂಗ್ಲಿಷಿಗೆ ಅಲ್ಲಿ ಬೇರೆ ಪದಗಳನ್ನೇ ಹುಡುಕಬೇಕಾಗುವುದು. ಬಡತನವು ಯಾವಾಗಲೂ ನಮ್ಮ ಪಾಲಿಗೇ ಇಲ್ಲ.

ಉಳಿದವು ಎರಡು ಮಾತುಗಳಲ್ಲಿ ಮುಗಿಯುವುವು. ವಾಂಟ್, ಆಸ್ಕ್, ಅಲೌ, ಅಡ್ವೈಸ್ ಎಂಬವುಗಳ ಮುಂದೆ ಸರ್ವನಾಮವು ಬಂದರೆ ಸಾಧಾರಣವಾಗಿ "ಇಂಗ್" ಬಾರದು, "ಟು" ಬರುವುದು. ಅವುಗಳನ್ನು ನೋಡಿ "ಹಿ ಸಜೆಸ್ಟೆಡ್ ಮಿ ಟು ಗೋ" ಎಂದು ಬರೆಯುವುದು ನಮ್ಮಲ್ಲಿ ಬಹಳ, ಅದು ಸಲ್ಲದು. "ಸಜೆಸ್ಟೆಡ್ ಮೈ ಗೋಯಿಂಗ್" ಅಥವಾ "ಸಜೆಸ್ಟೆಡ್ ದಟ್ ಐ ಗೋ" ಎಂದಿರಬೇಕು. ಪ್ರಿವೆಂಟ್ ಎಂಬುದಕ್ಕೆ "ಹಿಮ್ ಫ್ರಮ್ ಗೋಯಿಂಗ್" ಎಂಬುದನ್ನು ರೂಢಿ ಮಾಡಿಕೊಂಡರೆ ಸಂದೇಹವೇ ಇರದು.

ಆ ತಾಯಿಯವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಲಾಗದೆ, ಮಗಳನ್ನೇ ಒಂದು ಭಾನುವಾರ ಆರಾಧನೆಯ ಬಳಿಕ ಮನೆಗೆ ಕರೆದೆನು. ಅವಳು ತನ್ನ ಹಳೆಯ ವಾಕ್ಯವನ್ನು "ದೇರ್ ಕಮಿಂಗ್" ಎಂದು ಬರೆದು, ಕೆಳಗೆ "ದೆಮ್ ಕಮಿಂಗ್" ಎಂದೂ ಬರೆದು, ಎರಡಕ್ಕೂ ಸರಿ ಎಂಬ ಗುರುತನ್ನು ತಾನೇ ಹಾಕಿಕೊಂಡಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಅಂದು ನಕ್ಕವರಲ್ಲಿ ಒಬ್ಬರು ನಿನ್ನೆ 'ಸಜೆಸ್ಟೆಡ್ ಮಿ ಟು ಗೋ' ಎಂದು ಬರೆದಿದ್ದರು" ಎಂದಳು.