ತೊಡೆಗೆ ತಾಕುವ ಇಟಲಿ ಬಿಸಿ

ಪ್ರಶ್ನೆ: ಇಟಲಿಯ ಡುಕಾಟಿ ಸ್ಕ್ರ್ಯಾಂಬ್ಲರ್ ಬೈಕ್ ಕೊಳ್ಳುವ ಆಸೆಯಿದೆ. ಟ್ರಾಫಿಕ್‌ನಲ್ಲಿ ತೊಡೆ ಸುಡುತ್ತದಂತೆ, ಜೋರಾಗಿ ಓಡುವಾಗ ಸುಡುವುದಿಲ್ಲವಂತೆ. ಯಾಕೆ? (ಓದುಗರೊಬ್ಬರು, ಚನ್ನಪಟ್ಟಣ)

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸಣ್ಣ ಪಾಲು. ಮಿಕ್ಕಿದ್ದು ಶಾಖವಾಗಿ ಹೊರಬೀಳಲೇಬೇಕು. ಈ ಬೈಕಿನ 803 ಸಿಸಿ ಎಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಗಾಳಿಯೇ ಗತಿ. ಸಿಲಿಂಡರ್ ಸುತ್ತ ಕಾಣುವ ತೆಳು ಲೋಹದ ಪಟ್ಟಿಗಳು ಬರೀ ಹಳೇ ಕಾಲದ ಅಂದಕ್ಕಲ್ಲ. ಬಿಸಿ ಮುದ್ದೆಯನ್ನು ಮುರಿದು ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗಿಟ್ಟರೆ ಬೇಗ ಆರುತ್ತದಲ್ಲ, ಹಾಗೆ ಪಟ್ಟಿಗಳು ಶಾಖವನ್ನು ಹರಡುತ್ತವೆ, ಎದುರುಗಾಳಿ ಅದನ್ನು ಒಯ್ಯುತ್ತದೆ. ಬೈಕ್ ನಿಂತರೆ ಫ್ಯಾನ್ ನಿಂತಂತೆ. ಕಾದ ಗಾಳಿ ಪಟ್ಟಿಗಳ ನಡುವೆಯೇ ಉಳಿದು, ನಿಧಾನಕ್ಕೆ ಮೇಲೇರಿ ಸವಾರನಿಗೆ ತಾಕುತ್ತದೆ. ಇರುವ ಎರಡು ಸಿಲಿಂಡರ್‌ಗಳಲ್ಲಿ ಒಂದು ಮುಂದಕ್ಕೆ ಮಲಗಿದೆ. ಇನ್ನೊಂದು ನೆಟ್ಟಗೆ, ತೊಡೆಗಳ ಹತ್ತಿರವೇ ನಿಂತಿದೆ.

ನಿಮ್ಮೂರಿನವರಿಗೆ ಇದು ಸಣ್ಣ ಮಾತಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ. ಬೆಂಗಳೂರಿಗೆ ಹೋಗುವಾಗ ರಾಮನಗರ, ಬಿಡದಿ ದಾಟಲು ಹಳೇ ಹೆದ್ದಾರಿ, ಸರ್ವಿಸ್ ರಸ್ತೆಗಳೇ ಗತಿ; ಅಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ತೊಡೆಗೆ ಬಿಸಿ ತಾಕುತ್ತದೆ. ಭಾನುವಾರ ಕನಕಪುರ, ಮಾಗಡಿ ಕಡೆ ಸುತ್ತಲು ಧಾರಾಳವಾಗಿ ಕೊಳ್ಳಿ. ದಿನಾ ಬೆಂಗಳೂರಿಗೆ ಹೋಗಿಬರುವುದಾದರೆ, ಶೋರೂಮಿನವರನ್ನು ಕೇಳಿ ಮಟಮಟ ಮಧ್ಯಾಹ್ನ ವಾಹನ ದಟ್ಟಣೆಯಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ಮುಂಗಡ ಕೊಡಿ.