ಹಳೆಯ ಕಾರಿಗೆ ಟೈರು ಕೊಳ್ಳುವ ಮುನ್ನ



ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಆ ಒಂದೊಂದು ಕಡೆಯ ವಿಸ್ತೀರ್ಣ ಎಷ್ಟಿರಬಹುದು? ಲೆಕ್ಕ ಸುಲಭ. ಜನರನ್ನು ಕೂರಿಸಿಕೊಂಡ ಸಣ್ಣ ಕಾರಿನ ತೂಕ 800 ಕಿಲೋ ಎಂದಿಟ್ಟುಕೊಳ್ಳಿ. ಒಂದು ಚಕ್ರದ ಪಾಲಿಗೆ 200 ಕಿಲೋ ಬಂತು. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ. ಪಂಕ್ಚರ್ ಅಂಗಡಿಯವರ ಮಾತಿನಲ್ಲಿ 28 ಪೌಂಡು. 200ನ್ನು 2ರಿಂದ ಭಾಗಿಸಿದರೆ 100 ಚದರ ಸೆಂಟಿಮೀಟರು. ಅಂದರೆ ಹತ್ತು ಸೆಂಟಿಮೀಟರು ಉದ್ದ, ಹತ್ತು ಸೆಂಟಿಮೀಟರು ಅಗಲ. ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗ. ಬ್ರೇಕು ಹಿಡಿದಾಗ ಕಾರು ನಿಲ್ಲುವುದು, ತಿರುವಿನಲ್ಲಿ ರಸ್ತೆ ಬಿಡದೆ ತಿರುಗುವುದು, ಎಲ್ಲವೂ ಈ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಹೋಬಳಿಯಿರಲಿ, ಪಕ್ಕದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿರಲಿ, ಈ ತೆಂಗಿನ ಸೀಮೆಯಲ್ಲಿ ಮನೆಯ ಹಳೆಯ ಕಾರಿಗೆ ಕೆಲಸ ಬೀಳುವುದು ಅಪರೂಪಕ್ಕೆ. ತಿಪಟೂರಿನ ಮಾರುಕಟ್ಟೆಗೆ, ನೆಂಟರ ಮದುವೆಗೆ, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ. ಮಿಕ್ಕ ದಿನ ಅದು ಅಂಗಳದಲ್ಲೇ ನಿಂತಿರುತ್ತದೆ. 1983ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಅಂಥ ಕಾರಿಗೆ ಟೈರು ಬದಲಿಸುವ ದಿನ ಬಂದಾಗ ಮನೆಯಲ್ಲಿ ಒಂದು ಮಾತು ಏಳುವುದು ಸಹಜ: "ಕಾರಿಗೇ ಅಷ್ಟು ಬೆಲೆ ಇಲ್ಲ, ಟೈರಿಗೆ ಅಷ್ಟು ದುಡ್ಡು ಸುರಿಯಬೇಕೆ?" ಕಾರಿನ ಬೆಲೆ ಇಳಿದಿರಬಹುದು, ಅದರಲ್ಲಿ ಕೂರುವವರ ಬೆಲೆ ಇಳಿದಿಲ್ಲ. ಆದರೂ ದುಡ್ಡಿನ ಪ್ರಶ್ನೆ ನಿಜವಾದದ್ದೇ. ಕಡಿಮೆ ಖರ್ಚಿನಲ್ಲಿ ಸುರಕ್ಷಿತವಾದ ಟೈರನ್ನು ಆರಿಸುವುದು ಹೇಗೆ ಎಂಬುದನ್ನು ಈಗ ನೋಡೋಣ.

ಅಟ್ಟದ ಕಾಯಿ, ಅಂಗಳದ ಟೈರು

ಕೊಬ್ಬರಿ ಆಗುವ ಬಗೆ ನಿಮಗೆ ಗೊತ್ತೇ ಇದೆ. ಕಾಯಿಯನ್ನು ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಬಿಟ್ಟರೆ, ಯಾರೂ ಮುಟ್ಟದಿದ್ದರೂ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಸುಮ್ಮನೆ ಇಟ್ಟ ವಸ್ತುವೂ ಕಾಲ ಕಳೆದಂತೆ ಬದಲಾಗುತ್ತದೆ. ಟೈರು ಕೂಡ ಹಾಗೆಯೇ. ವ್ಯತ್ಯಾಸ ಒಂದೇ: ಕಾಯಿ ಕೊಬ್ಬರಿಯಾದರೆ ಬೆಲೆ ಏರುತ್ತದೆ, ಟೈರು ಹಳತಾದರೆ ಗುಣ ಇಳಿಯುತ್ತದೆ.

ಇದಕ್ಕೆ ಕಾರಣವೇನು? ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಪುಟಿಯುವಂತೆಯೂ ಆಗುತ್ತದೆ ಎಂಬುದನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡರು. ಗಂಧಕವು ರಬ್ಬರಿನ ಉದ್ದುದ್ದ ಅಣುಸರಪಣಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ಮತ್ತು ಓಜೋನ್, ಬಿಸಿಲು, ಕಾವು ಇವೆಲ್ಲ ಸೇರಿ ಈ ರಚನೆಯನ್ನು ಮೆಲ್ಲಮೆಲ್ಲನೆ ಕೆಡಿಸುತ್ತವೆ. ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಇದನ್ನು ತಡೆಯಲು ತಯಾರಕರು ಮೇಣದಂಥ ರಕ್ಷಕ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗಿ ಬಳುಕಿದಾಗ ಅವು ಮೇಲ್ಮೈಗೆ ಬರುತ್ತವೆ. ನಿಂತೇ ಇರುವ ಕಾರಿನ ಟೈರಿಗೆ ಈ ರಕ್ಷಣೆಯೂ ಕಡಿಮೆ.

ಕಾಯಿಯೋ ಗರಿಯೋ ಬಿದ್ದೀತೆಂದು ತೆಂಗಿನ ಮರದ ಕೆಳಗೆ ಯಾರೂ ಕಾರು ನಿಲ್ಲಿಸುವುದಿಲ್ಲ, ಬಯಲಿನಲ್ಲಿ ನಿಲ್ಲಿಸುತ್ತಾರೆ. ಆಗ ಟೈರಿನ ಪಕ್ಕೆಗೆ ದಿನವಿಡೀ ಬಿಸಿಲು. ಕಡಿಮೆ ಓಡುವ ಕಾರಿನ ಟೈರು ಸವೆದು ಸಾಯುವುದಿಲ್ಲ, ವಯಸ್ಸಾಗಿ ಸಾಯುತ್ತದೆ. ಈ ಪಾಠದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದೇ.

ಟೈರಿನ ಜನ್ಮದಿನ

ಟೈರಿನ ವಯಸ್ಸು ತಿಳಿಯಲು ಅಂಗಡಿಯವರನ್ನು ಕೇಳಬೇಕಾಗಿಲ್ಲ. ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೊದಲ ಎರಡು ಅಂಕಿ ವಾರ, ಕಡೆಯ ಎರಡು ಅಂಕಿ ವರ್ಷ. ಮೂರೇ ಅಂಕಿಗಳಿದ್ದರೆ ಅದು 2000ನೇ ಇಸವಿಗಿಂತ ಹಿಂದಿನ ಟೈರು. ಅದನ್ನು ಕೊಳ್ಳುವ ಮಾತೇ ಬೇಡ. ಒಂದು ಪಕ್ಕೆಯಲ್ಲಿ ಅಂಕಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿ ಹುಡುಕಬೇಕು.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕೆಂದೂ, ಗ್ರಿಪ್ ಎಷ್ಟೇ ಉಳಿದಿದ್ದರೂ ಹತ್ತು ವರ್ಷಕ್ಕೆ ತೆಗೆದುಹಾಕಬೇಕೆಂದೂ ಹಲವು ತಯಾರಕರು ಹೇಳುತ್ತಾರೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪನಿಗಳೂ ಇವೆ.

ಇಲ್ಲಿ ಎರಡು ಮೋಸದ ಜಾಗಗಳಿವೆ. ಮೊದಲನೆಯದು ಸ್ಟೆಪ್ನಿ. ಹಿಂದೆ ಡಿಕ್ಕಿಯಲ್ಲಿ ಬಿದ್ದಿರುವ ಅದು ಒಮ್ಮೆಯೂ ಓಡದೆ ಹೊಸದರಂತೆ ಕಾಣುತ್ತದೆ. ಅಂಕಿ ಓದಿದರೆ ಕಾರಿನಷ್ಟೇ ವಯಸ್ಸಾಗಿರುತ್ತದೆ! ಎರಡನೆಯದು ಬೇಡಿಕೆ ಕಡಿಮೆಯಾದ ಅಳತೆಯ ಟೈರು. ಹಳೆಯ ಕಾರುಗಳ ಅಳತೆಯದು ಬೇಗ ಖರ್ಚಾಗದೆ ಅಂಗಡಿಯಲ್ಲೇ ವರ್ಷಗಟ್ಟಲೆ ಕೂತಿರಬಹುದು. "ಹೊಸದು" ಎಂಬ ಮಾತನ್ನು ನಂಬುವ ಮೊದಲು ನಾಲ್ಕು ಅಂಕಿ ನೋಡಿ.

ಅಳತೆಯ ಗಣಿತ

ಮಾರುತಿ 800ರ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. 145 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 70, ಅಂದರೆ 101.5 ಮಿಲಿಮೀಟರು. ಆರ್ ಎಂದರೆ ರೇಡಿಯಲ್ ರಚನೆ. 12 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ, ಅಂದರೆ 304.8 ಮಿಲಿಮೀಟರು. ರಿಮ್ಮಿನ ಕೆಳಗೊಂದು, ಮೇಲೊಂದು ಪಕ್ಕೆ ಸೇರಿಸಿದರೆ ಚಕ್ರದ ಒಟ್ಟು ವ್ಯಾಸ 507.8 ಮಿಲಿಮೀಟರು.

ಆಲ್ಟೊ ಕಾರಿಗೆ ಬಳಸುವ 145/80 ಆರ್ 12 ಟೈರೂ ಇದೇ ರಿಮ್ಮಿಗೆ ಕೂರುತ್ತದೆ. ಅದರ ವ್ಯಾಸ ಎಷ್ಟು? ಪಕ್ಕೆ 116 ಮಿಲಿಮೀಟರು, ಒಟ್ಟು 536.8. ಸುಮಾರು ಶೇಕಡಾ 5.7ರಷ್ಟು ಹೆಚ್ಚು. ಇದನ್ನು 800ಕ್ಕೆ ಹಾಕಿದರೆ ಮೀಟರು 60 ಕಿಲೋಮೀಟರ್ ವೇಗ ತೋರಿಸುವಾಗ ನಿಜವಾದ ವೇಗ ಅದಕ್ಕಿಂತ ಸುಮಾರು 3.4 ಕಿಲೋಮೀಟರು ಹೆಚ್ಚಿರುತ್ತದೆ. ಚಕ್ರ ಒಳಗೆ ಉಜ್ಜಲೂಬಹುದು. "ಅದೇ ಅಳತೆ, ಸ್ವಲ್ಪ ದೊಡ್ಡದು, ನಡೆಯುತ್ತದೆ" ಎಂದರೆ ಒಪ್ಪಬೇಡಿ. ಕಾರಿನ ಕೈಪಿಡಿಯಲ್ಲಿರುವ ಅಳತೆಯನ್ನೇ ಕೇಳಿ.

ಅಳತೆಯ ಮುಂದೆ 69 ಎಸ್ ಎಂಬಂಥ ಗುರುತಿರುತ್ತದೆ. 69 ಎಂದರೆ ಒಂದು ಟೈರು 325 ಕಿಲೋ ಹೊರಬಲ್ಲದು. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರು, ಟಿ ಎಂದರೆ 190, ಎಚ್ ಎಂದರೆ 210. ಕಾರು ಕಂಪನಿ ಹೇಳಿದ ಗುರುತಿಗಿಂತ ಕೆಳಗಿನದನ್ನು ಕೊಳ್ಳಬಾರದು. ಆದರೆ ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುವ ಕಾರಿಗೆ 210ರ ವೇಗದ ಟೈರಿಗೆಂದು ಹೆಚ್ಚು ಹಣ ಕೊಡಬೇಕಾಗಿಯೂ ಇಲ್ಲ. ಉಳಿತಾಯಕ್ಕೆ ಇದೊಂದು ದಾರಿ.

ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತನ್ನೂ ನೋಡಿ. ಮೋಟಾರು ವಾಹನಗಳ ಟೈರು ಟ್ಯೂಬುಗಳಿಗೆ ಇದನ್ನು ಕಡ್ಡಾಯ ಮಾಡುವ ಆದೇಶ ಹೊರಟಿದ್ದು 2009ರಲ್ಲಿ. ಕಾರಿನ ಟೈರಿಗೆ ಅನ್ವಯಿಸುವ ಮಾನಕದ ಸಂಖ್ಯೆ ಐ.ಎಸ್. 15633. ಈ ಗುರುತಿರುವ, ಸರಿಯಾದ ಅಳತೆಯ, ಹೊಸ ದಿನಾಂಕದ ಸಾಧಾರಣ ಬೆಲೆಯ ಟೈರು ಇಂಥ ಕಾರಿಗೆ ಸಾಕು.

ಸೆಕೆಂಡ್ ಹ್ಯಾಂಡ್ ನಿಜವಾಗಿ ಅಗ್ಗವೇ?

ಒಂದು ಲೆಕ್ಕ ಮಾಡೋಣ. ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಬೆಲೆ ಹಾಕಿ ನೀವೇ ಮಾಡಿ ನೋಡಿ. ಹೊಸ ಟೈರಿಗೆ 3,000 ರೂಪಾಯಿ, ಅದನ್ನು ಆರು ವರ್ಷ ಬಳಸುತ್ತೀರಿ. ವರ್ಷಕ್ಕೆ 500 ರೂಪಾಯಿ ಆಯಿತು. ಐದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಟೈರಿಗೆ 1,200 ರೂಪಾಯಿ. ಅದು ಹೆಚ್ಚೆಂದರೆ ಎರಡು ವರ್ಷ ಬಂದೀತು. ವರ್ಷಕ್ಕೆ 600 ರೂಪಾಯಿ. ಬಿಚ್ಚಿ ಹಾಕುವ ಕೂಲಿ ಬೇರೆ. ಕೈಯಿಂದ ಈ ದಿನ ಹೋಗುವ ಹಣ ಕಡಿಮೆ, ಒಟ್ಟು ಹೋಗುವ ಹಣ ಹೆಚ್ಚು.

ಹಣಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸವೆದು ನುಣುಪಾದ ಟೈರಿನಲ್ಲಿ ಬಿಸಿ ಚಾಕುವಿನಿಂದ ಹೊಸದಾಗಿ ಗೀರು ಕೊಯ್ದು, ಕಪ್ಪು ಪಾಲಿಶ್ ಬಳಿದು ಮಾರುವುದುಂಟು. ನೋಡಲು ಗ್ರಿಪ್ ಆಳವಾಗಿದೆ. ಆದರೆ ಗೀರಿನ ತಳದಲ್ಲಿ ರಬ್ಬರು ಉಳಿದಿರುವುದಿಲ್ಲ, ಒಳಗಿನ ತಂತಿಯ ಪದರಕ್ಕೇ ಏಟು ಬಿದ್ದಿರುತ್ತದೆ. ಬಿಸಿಲಿನ ಹೆದ್ದಾರಿಯಲ್ಲಿ ಅದು ಸಿಡಿದರೆ ಚಾಲಕನ ಕೈಯಲ್ಲಿ ಏನೂ ಇರುವುದಿಲ್ಲ.

ಇದನ್ನು ಹಿಡಿಯಲು ಒಂದು ಉಪಾಯವಿದೆ. ಪ್ರತಿ ಕಾರಿನ ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿಲಿಮೀಟರು. ಮೇಲ್ಮೈ ಸವೆದು ಈ ದಿಬ್ಬಕ್ಕೆ ಸಮವಾದರೆ ಟೈರಿನ ಕಾಲ ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಕಾರಿಗೆ ಹೇಳುವ ಕನಿಷ್ಠ ಆಳವೂ ಇದೇ. ದಿಬ್ಬಗಳೇ ಕಾಣದಿದ್ದರೆ, ಇಲ್ಲವೇ ಅವೂ ಕೊಯ್ದುಹೋಗಿದ್ದರೆ, ಆ ಟೈರು ಬೇಡ. ಪಕ್ಕೆ ಉಬ್ಬಿದ್ದರೆ, ಬಿರುಕಿದ್ದರೆ, ಪಕ್ಕೆಯಲ್ಲಿ ಪಂಕ್ಚರ್ ಹಾಕಿದ ಗುರುತಿದ್ದರೆ ಅದೂ ಬೇಡ.

ಗ್ರಿಪ್ ಏಕೆ ಬೇಕು? ಒಣ ರಸ್ತೆಗಿಂತ ಒದ್ದೆ ರಸ್ತೆಗೆ. ಆ ಗೀರುಗಳು ಟೈರಿನಡಿಯ ನೀರನ್ನು ಹೊರಕ್ಕೆ ಸಾಗಿಸುವ ಕಾಲುವೆಗಳು. ಕಾಲುವೆ ತುಂಬಿಹೋದರೆ ಟೈರು ನೀರಿನ ಪದರದ ಮೇಲೆ ತೇಲುತ್ತದೆ; ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟು ಎಂದು ಭೌತವಿಜ್ಞಾನದಲ್ಲಿ ಓದಿದ್ದೀರಿ. ಗ್ರಿಪ್ ಇಲ್ಲದಾಗ ಆ ದೂರ ಇನ್ನೂ ಬೆಳೆಯುತ್ತದೆ. ಹೊಸ ಟೈರಿನ ಗೀರು ಸುಮಾರು 7ರಿಂದ 8 ಮಿಲಿಮೀಟರು ಆಳವಿರುತ್ತದೆ. ಅದು 3ಕ್ಕೆ ಇಳಿದಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸುವುದು ಜಾಣತನ.

ಎರಡೇ ಟೈರಿಗೆ ಹಣವಿದ್ದರೆ

ಒಂದೇ ಸಲ ನಾಲ್ಕು ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಎರಡು ಕೊಂಡರೆ ಅವೆರಡೂ ಒಂದೇ ಬಗೆಯವಾಗಿರಲಿ, ಒಂದೇ ಅಚ್ಚಿನ ಎರಡು ಕಡೆ ಇರಲಿ. ಮುಂದೆಯೋ ಹಿಂದೆಯೋ? ಎಂಜಿನ್ ಎಳೆಯುವುದು ಮುಂದಿನ ಚಕ್ರ, ಬೇಗ ಸವೆಯುವುದೂ ಅದೇ, ಆದ್ದರಿಂದ ಮುಂದೆ ಎನ್ನುವವರೇ ಹೆಚ್ಚು. ಟೈರು ತಯಾರಕರ ಸಲಹೆ ಬೇರೆ: ಹೊಸವು ಹಿಂದಕ್ಕೆ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳಬಹುದು. ಹಿಂದಿನ ಚಕ್ರ ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಸಾಮಾನ್ಯ ಚಾಲಕ ಅದನ್ನು ಹಿಡಿಯಲಾರ. ಹಾಗೆಂದು ಮುಂದೆ ಉಳಿಯುವ ಜೋಡಿ ಸವೆದದ್ದಾಗಿರಬಾರದು. ಉಳಿದವುಗಳಲ್ಲಿ ಒಳ್ಳೆಯ ಎರಡು ಮುಂದಿರಲಿ.

ಕೊಳ್ಳುವ ಮುನ್ನ ಹಳೆಯ ಟೈರು ಸವೆದ ಬಗೆಯನ್ನೂ ಓದಿ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಣ ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಗಾಳಿಯೇ ಅಗ್ಗದ ಔಷಧ

ಗಾಳಿ ಕಡಿಮೆಯಿದ್ದರೆ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಈ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 627 ಸುತ್ತು ಸುತ್ತುತ್ತದೆ. ಅಷ್ಟು ಸಲ ಬಾಗಿದ ರಬ್ಬರು ಕಾವೇರಿ ಒಳಪದರಗಳು ಬಿಡತೊಡಗುತ್ತವೆ. ಅದರ ಮೇಲೆ ಹಿಂದಿನ ಸೀಟಿನಲ್ಲಿ ಕೊಬ್ಬರಿ ಮೂಟೆ ಹೇರಿದರಂತೂ ಕೇಳಬೇಕಾಗಿಲ್ಲ. ತಿಂಗಳಿಗೆ ಎರಡು ಸಲ, ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಸ್ಟೆಪ್ನಿಯನ್ನು ಮರೆಯಬೇಡಿ. ಕಾರು ನಿಂತಿರುವಾಗ ಬಿಸಿಲು ಬೀಳುವ ಕಡೆಯ ಟೈರಿಗೆ ಗೋಣಿತಾಟು ಮುಚ್ಚಿ. ಹೊಳಪಿಗೆಂದು ಡೀಸೆಲ್ಲನ್ನೋ ಎಂಜಿನ್ ಎಣ್ಣೆಯನ್ನೋ ಬಳಿಯಬೇಡಿ. ರಬ್ಬರು ಅದನ್ನು ಹೀರಿ ಊದಿಕೊಂಡು ಕೆಡುತ್ತದೆ.

ಮಾಡಿ ನೋಡಿ

1. ಮನೆಯ ಇಲ್ಲವೇ ನೆರೆಮನೆಯ ಕಾರಿನ ಐದೂ ಟೈರುಗಳ ವಾರ, ವರ್ಷ ಬರೆದುಕೊಳ್ಳಿ. ಸ್ಟೆಪ್ನಿಯ ವಯಸ್ಸು ಎಷ್ಟು?

2. ವರ್ನಿಯರ್ ಕ್ಯಾಲಿಪರ್ಸಿನ ಹಿಂತುದಿಯಿಂದ ಹೊರಬರುವ ಕಡ್ಡಿಯಿಂದ ಗೀರಿನ ಆಳ ಅಳೆಯಿರಿ. ದಿಬ್ಬವಿಲ್ಲದ ಜಾಗದಲ್ಲಿ, ಒಳ ಅಂಚು, ನಡು, ಹೊರ ಅಂಚು ಮೂರು ಕಡೆ ಅಳೆದು ಹೋಲಿಸಿ.

3. ಟೈರಿನ ಅಳತೆಯಿಂದ ಚಕ್ರದ ವ್ಯಾಸ ಕಂಡುಹಿಡಿದು, ಒಂದು ಕಿಲೋಮೀಟರಿಗೆ ಎಷ್ಟು ಸುತ್ತು ಎಂದು ಲೆಕ್ಕ ಹಾಕಿ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಅದನ್ನು ಪರೀಕ್ಷೆಗೊಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ದಿನದವರೆಗೆ ಕಾಯುವ ಅಗತ್ಯವಿಲ್ಲ. ಅಂಗಡಿಗೆ ಹೋಗುವ ದಿನ ಮನೆಯ ಹಿರಿಯರ ಜೊತೆ ನೀವೂ ಹೋಗಿ. ಬೆಲೆಯ ಚೌಕಾಸಿ ಅವರು ಮಾಡಲಿ. ಪಕ್ಕೆಯ ಮೇಲಿನ ಅಂಕಿಗಳನ್ನು ನೀವು ಓದಿ ಹೇಳಿ.