ನುಡಿಯರಿಯದ ಶಿಶುವಿನ ಶ್ರವಣಪರೀಕ್ಷೆ

ಶ್ರವಣವು ವಿದ್ಯೆಯ ಮೊದಲ ಮೆಟ್ಟಿಲು. ಕೂಸು ತೊದಲುವುದಕ್ಕೆ ಎಷ್ಟೋ ಮೊದಲೇ ತಾಯಿಯ ಮಾತನ್ನು ಕಿವಿಯಲ್ಲಿ ತುಂಬಿಕೊಂಡಿರುತ್ತದೆ. ಆದರೆ ತನಗೆ ಕೇಳಿಸುವುದೋ ಇಲ್ಲವೋ ಎಂದು ಹೇಳಲಾರದ ಹಸುಳೆಯ ಕಿವಿಯನ್ನು ಪರೀಕ್ಷಿಸುವುದೆಂತು? ಚಪ್ಪಾಳೆ ತಟ್ಟಿ, ತಟ್ಟೆ ಬಡಿದು ನೋಡುವುದು ಮನೆಮನೆಯ ರೂಢಿ. ಕೈಯ ಚಲನೆಯನ್ನು ಕಂಡೋ ಗಾಳಿಯ ಸೋಂಕನ್ನು ಅರಿತೋ ಕೂಸು ತಿರುಗಬಹುದಾದುದರಿಂದ ಅದು ನಂಬತಕ್ಕ ಪ್ರಮಾಣವಲ್ಲ.

ಇಂತಹ ಸಂದರ್ಭದಲ್ಲಿ ನೆರವಾಗುವುದು ‘ಬೆರಾ’ ಎಂದು ವೈದ್ಯರು ಕರೆಯುವ ಪರೀಕ್ಷೆ. ಧ್ವನಿಯು ಒಳಗಿವಿಯ ಶಂಖಾಕೃತಿಯ ಭಾಗವನ್ನು ಮುಟ್ಟಿದೊಡನೆ ಅಲ್ಲಿ ವಿದ್ಯುತ್ಸಂಜ್ಞೆಯಾಗಿ ಮಾರ್ಪಟ್ಟು, ಶ್ರವಣನರದ ಮೂಲಕ ಮಿದುಳಿನ ಕಾಂಡವನ್ನು ಏರುತ್ತದೆ. ಮಲಗಿ ನಿದ್ರಿಸುವ ಮಗುವಿನ ಹಣೆಗೂ ಕಿವಿಯ ಹಿಂಬದಿಗೂ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕಿವಿಗೆ ‘ಟಿಕ್ ಟಿಕ್’ ಎಂಬ ಕಿರುಧ್ವನಿಯನ್ನು ಕೇಳಿಸಿದರೆ, ಆ ಸಂಜ್ಞೆಯನ್ನು ಯಂತ್ರವು ಗ್ರಹಿಸುತ್ತದೆ. ನೋವಿಲ್ಲ, ಸೂಜಿಯಿಲ್ಲ.

ಆದರೆ ಈ ಸಂಜ್ಞೆಯು ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಿರಿದು. ಮಿದುಳಿನ ಇತರ ವಿದ್ಯುತ್ತಿನಲ್ಲಿ ಅಡಗಿಹೋಗುತ್ತದೆ. ಜಾತ್ರೆಯ ಗದ್ದಲ ಎತ್ತೆತ್ತಲೋ ಚೆದುರುವುದು. ತಾಳವಾದರೋ ತಪ್ಪದೆ ತನ್ನ ಗತಿಯಲ್ಲಿಯೇ ಬೀಳುವುದು. ಅಂತೆಯೇ ಧ್ವನಿಯನ್ನು ಸಾವಿರ, ಎರಡು ಸಾವಿರ ಬಾರಿ ಕೇಳಿಸಿ ಬಂದ ಉತ್ತರಗಳ ಸರಾಸರಿಯನ್ನು ತೆಗೆದರೆ ಗದ್ದಲ ಅಳಿದು ಸಂಜ್ಞೆ ಉಳಿಯುತ್ತದೆ.

1967ರಲ್ಲಿ ಇಸ್ರೇಲಿನ ಸೋಮರ್ ಮತ್ತು ಫೈನ್‌ಮೆಸರ್ ಇಂತಹ ಸಂಜ್ಞೆಗಳನ್ನು ದಾಖಲಿಸಿದರು. 1971ರಲ್ಲಿ ಅಮೆರಿಕದ ಜುವೆಟ್ ಮತ್ತು ವಿಲಿಸ್ಟನ್ ಇವುಗಳ ಅಲೆಗಳನ್ನು ವಿವರಿಸಿ ರೋಮನ್ ಅಂಕಿಗಳಿಂದ ಗುರುತಿಸಿದರು. 1974ರಲ್ಲಿ ಹೀಕಾಕ್ಸ್ ಮತ್ತು ಗ್ಯಾಲಂಬಾಸ್ ಶಿಶುಗಳಲ್ಲಿಯೂ ಇದರ ಉಪಯೋಗವನ್ನು ತೋರಿದರು. ಅಲೆಗಳೆಲ್ಲ ಒಂದು ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ ಮುಗಿಯುತ್ತವೆ. ಅವುಗಳಲ್ಲಿ ಐದನೆಯದು ಮುಖ್ಯ. ಧ್ವನಿ ತಗ್ಗಿದಂತೆ ಅದು ತಡವಾಗಿ, ಕುಗ್ಗಿ ಬಂದು, ಕಡೆಗೆ ಕಾಣದಾಗುತ್ತದೆ. ಅದು ಕಾಣಿಸಿಕೊಳ್ಳುವ ಅತ್ಯಂತ ಮೆಲುದನಿಯ ಮಟ್ಟದಿಂದ ಶ್ರವಣಶಕ್ತಿಯನ್ನು ಅಂದಾಜು ಮಾಡುತ್ತಾರೆ.

ಈ ಪರೀಕ್ಷೆಗೂ ಮಿತಿಯುಂಟು. ‘ಟಿಕ್’ ಧ್ವನಿಯು ಬಹುಮಟ್ಟಿಗೆ ಉಚ್ಚಸ್ವರಗಳ ಶ್ರವಣವನ್ನೇ ತಿಳಿಸುತ್ತದೆ. ಮಂದ್ರಸ್ವರಗಳಿಗೆ ಬೇರೆ ಧ್ವನಿ ಬೇಕು. ಕೆಲವು ಮಕ್ಕಳಲ್ಲಿ ನರದ ಸಂಜ್ಞೆಗಳು ಒಟ್ಟಾಗಿ ಏಳದಿರುವುದರಿಂದ, ಸ್ವಲ್ಪ ಕೇಳಿಸುತ್ತಿದ್ದರೂ ಅಲೆ ಕಾಣದು. ಆದಕಾರಣ ತಜ್ಞರು ಇತರ ಪರೀಕ್ಷೆಗಳೊಡನೆ ತೂಗಿಯೇ ನಿರ್ಣಯಿಸುತ್ತಾರೆ.

ಶಿಶುವಿಗೆ ಒಂದು ತಿಂಗಳಾಗುವುದರೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಹಾಕಿಕೊಟ್ಟ ಕ್ರಮ. ನುಡಿ ಬೇರೂರುವ ಆ ಕಾಲ ಕಳೆದರೆ ಮರಳಿ ದೊರೆಯುವುದು ಕಷ್ಟ. ನಮ್ಮ ನಾಡಿನಲ್ಲಿಯೇ, ಮೈಸೂರಿನಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕಾರ್ಯದಲ್ಲಿ ತೊಡಗಿದೆ.

ಕರೆದರೆ ಓಗೊಡದ ಬಾಲಕನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವುದಕ್ಕೆ ಮುನ್ನ ಅವನ ಕಿವಿಯನ್ನು ಪರೀಕ್ಷಿಸಿಸುವುದು ಉಪಾಧ್ಯಾಯರ ಧರ್ಮ. ಬಡಮಗುವಿನ ಪರೀಕ್ಷೆಗೂ ಶ್ರವಣಯಂತ್ರಕ್ಕೂ ನೆರವಾಗುವುದು, ಅನ್ನದಾಸೋಹ ಜ್ಞಾನದಾಸೋಹಗಳನ್ನು ನಡೆಸಿಕೊಂಡು ಬಂದ ಪರಂಪರೆಗೆ ಒಪ್ಪುವ ಮತ್ತೊಂದು ದಾಸೋಹವೇ ಸರಿ.